ಎರಡು ಹಲ್ಲಿನ ಜಿಂಕೆ

೨೦೧೪ರ ಜನವರಿ ೧೯, ಭಾನುವಾರ. ಅಬುಧಾಬಿ ಸೀಮೆಯ ಲೆಕ್ಕದಲ್ಲಿ ವಾರದ ಮೊದಲ ಕೆಲಸದ ದಿನ. ಮದೀನತ್ ಜಾಯೆದ್ ಊರು ದಾಟಿ, ಮರಳಿನ ಅಂಚಿನಲ್ಲಿರುವ ಸಣ್ಣ ಹೊರಠಾಣೆಗೆ ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬ ಎಸ್ಟೇಟ್ ವ್ಯವಸ್ಥಾಪಕ ದೂರು ಹಿಡಿದುಕೊಂಡು ಬಂದ. ಅವನ ಯಜಮಾನರ ಬೇಲಿಯೊಳಗೆ ಸಾಕಿದ ರೀಮ್ ಎಂಬ ಮರಳುಗಾಡಿನ ಜಿಂಕೆಗಳಲ್ಲಿ ಒಂದನ್ನು ಯಾರೋ ಕಡಿದಿದ್ದರು. ತಲೆ ಸಿಕ್ಕಿತ್ತು, ಮೈ ಸಿಕ್ಕಿರಲಿಲ್ಲ.

ಠಾಣೆಯ ಅಧಿಕಾರಿ ನಕೀಬ್ ಮತರ್. ನಕೀಬ್ ಎಂದರೆ ಕ್ಯಾಪ್ಟನ್. ನಮ್ಮ ಕಡೆಯ ಇನ್‌ಸ್ಪೆಕ್ಟರ್ ಎಂದುಕೊಂಡರೆ ಸಾಕು. ಮರಳುಗಾಡಿನಲ್ಲೇ ಹುಟ್ಟಿ ಬೆಳೆದ, ಮಾತು ಕಡಿಮೆಯ ಮನುಷ್ಯ. ದೂರು ಓದಿದವನೇ ಜೀಪು ತೆಗೆಸಿದ. ರೀಮ್ ಜಿಂಕೆ ಯಾರ ಬೇಲಿಯೊಳಗೇ ಇರಲಿ, ಅದನ್ನು ಕಡಿಯುವುದು ಅಲ್ಲಿ ಜೈಲಿಗೆ ಹೋಗುವ ಕೆಲಸ.

ಸ್ಥಳದಲ್ಲಿ ಬರೆದ ವರದಿಗೆ ಅರಬ್ಬಿಯಲ್ಲಿ ಮಹ್ದರ್ ಎನ್ನುತ್ತಾರೆ. ನಮ್ಮ ಪೊಲೀಸರು ಬರೆಯುವ ಮಹಜರು ಅದೇ ಪದ, ಸಮುದ್ರ ದಾಟಿ ಬಂದು ನಮ್ಮದಾಗಿದೆ. ಆ ದಿನದ ಮಹ್ದರಿನಲ್ಲಿ ಇದ್ದದ್ದು ಇಷ್ಟು. ಮೇವಿನ ಶೆಡ್ಡಿನ ಫ್ರೀಜರಿನಲ್ಲಿ ಚೀಲ ಸುತ್ತಿದ ಹೆಣ್ಣು ಜಿಂಕೆಯ ತಲೆ. ಕಿವಿಯಲ್ಲಿ ೪೧ ಎಂಬ ಹಳದಿ ಟ್ಯಾಗ್. ಕತ್ತಿನಲ್ಲಿ ಚಾಕುವಿನ ನೇರ ಗಾಯ. ಎರಡೂ ಕೊಂಬುಗಳನ್ನು ಬುಡದಿಂದ ಗರಗಸ ಹಾಕಿ ತೆಗೆಯಲಾಗಿದೆ. ೪೧ ಎಂದರೆ ಒಂಬತ್ತು ವರ್ಷದ, ಕಾಯಿಲೆ ಬಿದ್ದ ಮುದಿ ಜಿಂಕೆ.

ಪ್ರಾಣಿ ತಾನಾಗಿ ಸತ್ತರೆ ಟ್ಯಾಗಿನ ಸಮೇತ ತಲೆಯನ್ನು ಫ್ರೀಜರಿನಲ್ಲಿಟ್ಟು ಪಶುವೈದ್ಯರಿಗೆ ತೋರಿಸುವುದು ಎಸ್ಟೇಟಿನ ನಿಯಮ. ಅಲ್ಲಿಗೆ ಬರುತ್ತಿದ್ದ ವೈದ್ಯರು ನಂಬರ್ ಓದಿ, ಸಹಿ ಹಾಕಿ, ಚಹಾ ಕುಡಿದು ಹೋಗುತ್ತಿದ್ದರು. ಈ ಸಲ ಅವರಿಗಿಂತ ಮೊದಲು ವ್ಯವಸ್ಥಾಪಕನೇ ಫ್ರೀಜರ್ ತೆರೆದು ಚಾಕುವಿನ ಗಾಯ ನೋಡಿಬಿಟ್ಟಿದ್ದ.

ಶೆಡ್ಡಿನ ಬೀಗದ ಕೈ ಇದ್ದದ್ದು ಮೇಲ್ವಿಚಾರಕನನ್ನು ಬಿಟ್ಟರೆ ಮೇವು ಹಾಕುವ ಚಾಮರಾಜನ ಹತ್ತಿರ ಮಾತ್ರ. ಮೇಲ್ವಿಚಾರಕ ಗುರುವಾರ ಬೆಳಿಗ್ಗೆಯೇ ರಜೆಯ ಮೇಲೆ ಅಬುಧಾಬಿಗೆ ಹೋಗಿದ್ದವನು, ಶನಿವಾರ ಮರಳಿದ್ದ. "ನಾನಿಲ್ಲದ ಹೊತ್ತು ನೋಡಿ ಮಾಂಸಕ್ಕಾಗಿ ಕಡಿದಿದ್ದಾನೆ" ಎಂದು ಅವನು ಹೇಳಿಕೆ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಚಾಮರಾಜ ಲಾಕಪ್ಪಿನಲ್ಲಿದ್ದ. ಹಿಂದಿ ಬಲ್ಲ ಭಾಷಾಂತರಕಾರನ ಮೂಲಕ ಅವನ ಹೇಳಿಕೆಯೂ ಆಯಿತು. ಅದರ ಕೊನೆಯ ಸಾಲು: ಪ್ರಾಣಿಗೆ ಎರಡೇ ಹಲ್ಲುಗಳಿದ್ದವೆಂದು ಆರೋಪಿ ಒಪ್ಪಿರುತ್ತಾನೆ.

ಮುದಿ ಜಿಂಕೆ, ಉದುರಿದ ಹಲ್ಲು, ಬೀಗದ ಕೈ. ಎಲ್ಲವೂ ಕೂಡಿಬಂದಂತೆ ಕಾಣುತ್ತಿತ್ತು. ಆದರೂ ಮತರ್ ತಲೆಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಮೊಹರು ಹಾಕಿಸಿ, ಅಬುಧಾಬಿಯ ಪ್ರಯೋಗಾಲಯಕ್ಕೆ ಕಳಿಸಿದ. ನ್ಯಾಯಾಲಯಕ್ಕೆ ತಜ್ಞರ ಸಹಿ ಬೇಕಿತ್ತು.

ಆ ಸಹಿ ಹಾಕಬೇಕಾದವಳು ಡಾಕ್ಟರ್ ರೆಜಿನಾ ಕಾರ್ಡೋಜಾ. ಊರು ಶಿರ್ವ, ಓದಿದ್ದು ಪಶುವೈದ್ಯ, ಅಬುಧಾಬಿಗೆ ಬಂದು ಹನ್ನೆರಡು ವರ್ಷ. ಪ್ರಯೋಗಾಲಯದಲ್ಲಿ ಅವಳಿಗೆ ಕೊಂಚ ಗರ್ವದ ಹೆಂಗಸು ಎಂಬ ಹೆಸರಿತ್ತು, ಆ ಹೆಸರಿನ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಪೆಟ್ಟಿಗೆಯ ಮೊಹರು ಒಡೆದು, ಜೊತೆಗಿದ್ದ ಪತ್ರ ಓದಿದಳು. 'ಒಂಬತ್ತು ವರ್ಷದ ಹೆಣ್ಣು ರೀಮ್ ಜಿಂಕೆ. ಜಾತಿ ಮತ್ತು ಸಾವಿನ ಕಾರಣ ದೃಢೀಕರಿಸಿ.'

"ವಯಸ್ಸು ಇವರೇ ಹೇಳಿಬಿಟ್ಟಿದ್ದಾರಲ್ಲ, ಪುಣ್ಯಾತ್ಮರು" ಎಂದು ಗೊಣಗಿ ಗ್ಲೌಸು ತೊಟ್ಟಳು. ಜಾತಿ ಸರಿಯಿತ್ತು. ಸಾವು ಚಾಕುವಿನಿಂದಲೇ. ಆಮೇಲೆ ಅಭ್ಯಾಸಬಲದಿಂದ ತುಟಿ ಮಡಚಿ ನೋಡಿದಳು, ನೋಡಿದವಳು ಅಲ್ಲೇ ನಿಂತಳು.

ಮೆಲುಕು ಹಾಕುವ ಪ್ರಾಣಿಗೆ ಮುಂದಿನ ಹಲ್ಲು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಮರಿಯಲ್ಲಿ ಎಂಟೂ ಹಾಲುಹಲ್ಲು, ಅಕ್ಕಿಕಾಳಿನ ಹಾಗೆ ಸಣ್ಣವು. ಮೊದಲು ನಡುವಿನ ಎರಡು ಬಿದ್ದು ಅಗಲವಾದ ಹೊಸ ಹಲ್ಲು ಬರುತ್ತವೆ, ಆಮೇಲೆ ಪಕ್ಕದವು ಜೋಡಿ ಜೋಡಿಯಾಗಿ. ಈ ಬಾಯಲ್ಲಿ ನಡುವಿನ ಎರಡು ಮಾತ್ರ ಹೊಸತು, ಇನ್ನೂ ಪೂರ್ತಿ ಮೇಲೆ ಬಂದಿರಲಿಲ್ಲ. ಪಕ್ಕದ ಆರೂ ಹಾಲುಹಲ್ಲು.

ದವಡೆ ಬಿಡಿಸಿದಳು. ಮೂರನೆಯ ಮುಂದವಡೆ ಹಲ್ಲಿಗೆ ಮೂರು ಹೋಳು. ಅದು ಹಾಲುಹಲ್ಲಿನ ಗುರುತು, ಅದು ಬಿದ್ದ ಜಾಗದಲ್ಲಿ ಬರುವ ಶಾಶ್ವತ ಹಲ್ಲಿಗೆ ಎರಡೇ ಹೋಳು. ಎಕ್ಸ್‌ರೇಯಲ್ಲಿ ಆ ಶಾಶ್ವತ ಹಲ್ಲು ಮೂಳೆಯೊಳಗೆ ತನ್ನ ಸರದಿಗಾಗಿ ಕಾಯುತ್ತಿತ್ತು. ಕೊನೆಯ ದವಡೆಹಲ್ಲು ಒಸಡನ್ನು ಅರ್ಧ ಸೀಳಿ ಇಣುಕುತ್ತಿತ್ತು. ಒಂಬತ್ತು ವರ್ಷ ಒಣಮೇವು ಅಗಿದ ಹಲ್ಲು ಸವೆದು ಒರಳಿನ ಹಾಗಾಗಿರಬೇಕು. ಇಲ್ಲಿ ಏಣುಗಳೆಲ್ಲ ಹರಿತವಾಗಿದ್ದವು.

ಪಕ್ಕದ ಮೇಜಿನ ಡಾಕ್ಟರ್ ನಫೀಸಳನ್ನು ಕರೆದು, ಏನೂ ಹೇಳದೆ ತೋರಿಸಿದಳು. ನಫೀಸ ಎರಡು ನಿಮಿಷ ನೋಡಿ, "ಒಂದೂಕಾಲು ವರ್ಷ? ಒಂದೂವರೆ ದಾಟಿರ್ಲಿಕ್ಕಿಲ್ಲ" ಎಂದಳು.

"ಕಿವಿಯ ನಂಬರ್ ಪ್ರಕಾರ ಒಂಬತ್ತು."

"ಹಾಗಾದ್ರೆ ಆ ಕಿವಿ ಸುಳ್ಳು ಹೇಳ್ತದೆ."

ರೆಜಿನಾ ಟ್ಯಾಗಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದಳು. ರಂಧ್ರದ ಸುತ್ತ ರಕ್ತವಿಲ್ಲ, ಊತವಿಲ್ಲ. ಸತ್ತ ಮೇಲೆ ಚುಚ್ಚಿದ ಟ್ಯಾಗ್. ಅದರ ಕೆಳಗೆ ಇನ್ನೊಂದು ಹಳೆಯ, ವಾಸಿಯಾದ ರಂಧ್ರವಿತ್ತು. ಕೊಂಬು ಯಾಕೆ ಕತ್ತರಿಸಿದ್ದಾರೆಂಬುದೂ ಆಗ ಹೊಳೆಯಿತು. ಎಳೆಯ ಜಿಂಕೆಯ ಗಿಡ್ಡ ಕೊಂಬು ನೋಡಿದರೆ ಕುರುಡನಿಗೂ ಅನುಮಾನ ಬರುತ್ತಿತ್ತು. ಮಾಡಿದವನು ಕೊಂಬಿನ ಬಗ್ಗೆ ಯೋಚಿಸಿದ್ದ, ಬಾಯಿಯ ಬಗ್ಗೆ ಯೋಚಿಸಿರಲಿಲ್ಲ.

ಅವಳು ಮತರ್‌ಗೆ ಫೋನ್ ಮಾಡಿದಳು.

"ಸಾಧ್ಯವಿಲ್ಲ ದಕ್ತೂರಾ" ಎಂದ ಅವನು. "ಎರಡೇ ಹಲ್ಲು ಉಳಿದಿತ್ತು ಎಂದು ಆರೋಪಿಯೇ ಹೇಳಿದ್ದಾನೆ."

"ಇಲ್ಲಿ ಎಂಟೂ ಇವೆ. ಅವನು ಯಾವ ಭಾಷೆಯಲ್ಲಿ ಹೇಳಿದ?"

"ಹಿಂದಿ. ಅರ್ಧಂಬರ್ಧ. ಅವನ ಭಾಷೆ ಕನ್ನಡ ಅಂತೆ."

ರೆಜಿನಾ ಕುರ್ಚಿಯಿಂದ ಎದ್ದೇಬಿಟ್ಟಳು. "ಅವನನ್ನು ಎಲ್ಲಿಗೂ ಕಳಿಸಬೇಡಿ. ಬರ್ತಾ ಇದ್ದೇನೆ."

ಮಧ್ಯಾಹ್ನ ಎರಡೂವರೆಗೆ ಠಾಣೆ ತಲುಪಿದಳು. ಚಾಮರಾಜನನ್ನು ಕರೆತಂದರು. ಕೊಳ್ಳೇಗಾಲದ ಕಡೆಯ ಮೂವತ್ತರ ಆಳು, ಗಡ್ಡ ಬೆಳೆದು, ಕಣ್ಣು ಕೆಂಪಾಗಿದ್ದವು. ಊರಲ್ಲಿ ಹುಟ್ಟಿದ ಮಗುವಿನ ಮುಖವನ್ನು ಅವನು ಇನ್ನೂ ನೋಡಿರಲಿಲ್ಲ. ತಿಂಗಳ ಕೊನೆಗೆ ರಜೆ ಮಂಜೂರಾಗಿತ್ತು. ಕೇಸು ನಿಂತರೆ ಮೊದಲು ಜೈಲು, ಆಮೇಲೆ ಮತ್ತೆಂದೂ ಈ ದೇಶಕ್ಕೆ ಕಾಲಿಡದ ಹಾಗೆ ಗಡೀಪಾರು.

"ಚಾಮರಾಜ, ಆ ತಲೆ ಬಗ್ಗೆ ಪೊಲೀಸರಿಗೆ ಏನು ಹೇಳಿದ್ದಿ? ಕನ್ನಡದಲ್ಲೇ ಹೇಳು."

ಕನ್ನಡ ಕೇಳಿದ್ದೇ ಅವನು ಮೇಜಿನ ಹತ್ತಿರಕ್ಕೆ ಬಂದು, "ಅದು ಮುದೀದಲ್ಲ ಕಣಕ್ಕ, ಎಲ್ಡಲ್ಲಿಂದು ಅಂತ ಯೋಳ್ದಿ. ಅವ್ರು ಕೇಳ್ನೇ ಇಲ್ಲ. ದೋ ದಾಂತ್ ದೋ ದಾಂತ್ ಅಂತ ಬಡ್ಕೊಂಡಿ" ಎಂದ.

ರೆಜಿನಾಗೆ ನಗು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದ್ದು. ಕುರಿ ಸಂತೆಯಲ್ಲಿ ಯಾವ ಮಗುವನ್ನು ಕೇಳಿದರೂ ಅದು ವಯಸ್ಸು ಎಂದು ಹೇಳುತ್ತದೆ. ಈ ಬಡಪಾಯಿ ತನ್ನನ್ನು ಉಳಿಸಿಕೊಳ್ಳಲು ಆಡಿದ ಮಾತೇ ಹಿಂದಿಗೆ ಹೋಗಿ, ಅರಬ್ಬಿಗೆ ತಿರುಗಿ, ಅವನ ಕೊರಳಿಗೇ ಸುತ್ತಿಕೊಂಡಿತ್ತು.

ಅವಳು ಮತರ್ ಕಡೆ ತಿರುಗಿದಳು. "ಎರಡು ಹಲ್ಲು ಉಳಿದಿದೆ ಅಂತಲ್ಲ ಕ್ಯಾಪ್ಟನ್. ಎರಡು ಹಾಲುಹಲ್ಲು ಬಿದ್ದು ಹೊಸ ಎರಡು ಬಂದಿವೆ ಅಂತ. ಎಳೆಯದು ಅಂತ."

ಮತರ್ ಅವಳನ್ನೇ ನೋಡಿದ. "ಥನಿ" ಎಂದ ಮೆಲ್ಲಗೆ. ಆಮೇಲೆ ಹಣೆ ತಟ್ಟಿಕೊಂಡ. "ಇವನು ಥನಿ ಎನ್ನುತ್ತಿದ್ದಾನೆ! ಎರಡು ಹೊಸ ಹಲ್ಲು ಬಂದದ್ದು. ನಮ್ಮ ಅಜ್ಜ ಒಂಟೆ ಕೊಳ್ಳುವಾಗ ಮೊದಲು ಕೇಳುತ್ತಿದ್ದದ್ದೇ ಅದು. ಥನಿ ಎಂದಿದ್ದರೆ ನಿನ್ನೆಯೇ ಮುಗಿಯುತ್ತಿತ್ತು."

ತಲೆ ಹೇಗೆ ಸಿಕ್ಕಿತು ಎಂದು ಕೇಳಿದಾಗ ಚಾಮರಾಜ ಹೇಳಿದ್ದು ಚಿಕ್ಕದಾಗಿತ್ತು. ಗುರುವಾರ ಬೆಳಿಗ್ಗೆ ಮೇಲ್ವಿಚಾರಕರು ದಾರಿಯಿಂದ ಫೋನ್ ಮಾಡಿ, ಮುದಿಯದು ಸತ್ತಿದೆ, ತಲೆ ಫ್ರೀಜರಿನಲ್ಲಿಟ್ಟಿದ್ದೇನೆ, ಮುಟ್ಟಬೇಡ ಎಂದಿದ್ದರು. ಇವನು ಸಂಕಟಪಟ್ಟು ಚೀಲ ಬಿಚ್ಚಿ ನೋಡಿದ, ಸಾಕಿದ ಮುದಿ ಜಿಂಕೆಯಲ್ಲವೇ. ಬಾಯಿ ನೋಡಿದರೆ ಬೇರೆಯದು.

"ಅವರೇ ಕಡಿದ್ರು ಅಂತ ಯಾಕೆ ಹೇಳ್ಲಿಲ್ಲ?" ಎಂದಳು ರೆಜಿನಾ.

"ನಾ ಕಣ್ಣಾರೆ ಕಂಡಿಲ್ವಲ್ಲಕ್ಕ. ಕಾಣ್ದೆ ಎಂಗ್ ಯೋಳಾನ? ಯುಜಿನ್ ಸಾರು ನಂಗೆ ರಜ ಕೊಡ್ಸಿದೋರು."

ಯುಜಿನ್. ರೆಜಿನಾ ಕಡತ ಎಳೆದುಕೊಂಡು ಮೇಲ್ವಿಚಾರಕನ ಹೇಳಿಕೆ ತೆಗೆದಳು. ಯುಜಿನ್ ಕ್ಯಾಸ್ತೆಲಿನೊ, ಊರು ಕಿನ್ನಿಗೋಳಿ. ಅವಳದೇ ಇಗರ್ಜಿಯ ಮುಂದಿನ ಸಾಲಿನ ಮನುಷ್ಯ. ಅವಳು ಹೊಸದಾಗಿ ಬಂದಾಗ ಮನೆ ಹುಡುಕಿ ಕೊಟ್ಟವನು. ಪಶ್ಚಿಮದ ಕಡೆ ಯಾವುದೋ ಎಸ್ಟೇಟಿನಲ್ಲಿದ್ದಾನೆಂದು ಗೊತ್ತಿತ್ತು, ಯಾವುದೆಂದು ಕೇಳಿರಲಿಲ್ಲ. ಅವನ ಮಗಳು ವೆಲಿಟಾಳ ಮದುವೆ ಮೊನ್ನೆ ಶುಕ್ರವಾರ. ಹಿಂದಿನ ಸಂಜೆ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಸಭಾಂಗಣದಲ್ಲಿ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಆ ಶಾಸ್ತ್ರಕ್ಕೆ ಸಸ್ಯಾಹಾರವೇ ಆಗಬೇಕೆಂಬ ಹಳಬರ ಪದ್ಧತಿ ಅಬುಧಾಬಿಯ ವಿಮಾನ ಹತ್ತಿರಲಿಲ್ಲ. ಯುಜಿನ್ ತಾನೇ ಬಾಣಲೆಯ ಹತ್ತಿರ ನಿಂತು ಬಡಿಸಿದ್ದ ಮಾಂಸದ ಸುಕ್ಕವನ್ನು ರೆಜಿನಾ ಊಟದ ಜೊತೆ ತಿಂದಿದ್ದಳು, ತಿಂದು ಮತ್ತೆ ಕೇಳಿದ್ದಳು.

ಕಡತವನ್ನು ಮೇಜಿನ ಮೇಲೆ ದೂರ ಸರಿಸಿದಳು.

ಮುಚ್ಚಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಚಾಮರಾಜನನ್ನು ಒಳಗೆ ಕಳಿಸಿದ ಮೇಲೆ, "ಕ್ಯಾಪ್ಟನ್, ಒಂದು ವಿಷಯ ಬರೆದುಕೊಳ್ಳಿ" ಎಂದಳು. "ಈ ಯುಜಿನ್ ನನ್ನ ಪರಿಚಯದವನು. ನಿಮ್ಮ ಸಾಕ್ಷ್ಯದಲ್ಲಿ ಒಂದು ಭಾಗವನ್ನು ಗುರುವಾರ ನಾನೇ ತಿಂದಿದ್ದೇನೆ ಅಂತ ಕಾಣ್ತದೆ. ಬೇರೆ ತಜ್ಞರು ಬೇಕಿದ್ದರೆ ಹೇಳಿ."

ಮತರ್‌ನ ಮೀಸೆಯ ಕೆಳಗೆ ನಗು ಸುಳಿದು ಹೋಯಿತು. "ಆ ದವಡೆಗೆ ಯುಜಿನ್ ಪರಿಚಯ ಇದೆಯೇ?"

"ಇಲ್ಲ. ವಯಸ್ಸಿನ ಬಗ್ಗೆ ಡಾಕ್ಟರ್ ನಫೀಸ ಬೇರೆಯಾಗಿ ಸಹಿ ಹಾಕಿದ್ದಾಳೆ."

"ಹಾಗಾದರೆ ಖಲಾಸ್. ನೀವು ಹೇಳಿದ್ದನ್ನು ಬರೆಯೋಣ. ನಾಳೆ ನನ್ನ ಜೊತೆ ಬನ್ನಿ."

ಸಂಜೆ ಮನೆಯಲ್ಲಿ ಗಂಡ ಕಾನ್ರಾಡ್‌ಗೆ ವಿಷಯ ಹೇಳಿದಳು. ಹೋಟೆಲಿನ ಡ್ಯೂಟಿ ಮುಗಿಸಿ ಬಂದು ಷೂ ಬಿಚ್ಚುತ್ತಿದ್ದವನು ಒಂದು ಷೂ ಕೈಯಲ್ಲಿ ಹಿಡಿದೇ ಕೂತ.

"ನಾನು ಮೂರು ಸಲ ಹಾಕಿಸ್ಕೊಂಡೆ ಮಾರಾಯ್ತಿ."

"ನಿನ್ನ ಹೊಟ್ಟೆ ಪಂಚನಾಮೆ ಮಾಡ್ಲಿಕ್ಕೆ ಯಾರೂ ಬರುದಿಲ್ಲ, ಹೆದರ್ಬೇಡ."

"ತಮಾಷೆ ಅಲ್ಲ ರೆಜಿನಾ. ಅವರ ಮಗಳ ಮದುವೆಯಾಗಿ ವಾರ ಆಗ್ಲಿಲ್ಲ. ನೀನೇ ಹೋಗಿ ಹಿಡಿಸಿದಿ ಅಂತ ಗೊತ್ತಾದ್ರೆ ನಾಳೆ ಇಗರ್ಜಿಯಲ್ಲಿ ನಮ್ಗೆ ಮುಖ ತೋರಿಸ್ಲಿಕ್ಕುಂಟಾ? ಬೇರೆ ಯಾರಾದ್ರೂ ಹೋಗ್ಲಿ."

"ಆ ಹುಡುಗನ ಮಾತು ಆ ಠಾಣೆಯಲ್ಲಿ ಬೇರೆ ಯಾರಿಗೆ ಅರ್ಥ ಆಗ್ತದೆ? ನಿನ್ನೆಯಿಂದ ಅವನು ನಿಜ ಹೇಳ್ತಾ ಲಾಕಪ್ಪಲ್ಲಿ ಕೂತಿದ್ದಾನೆ. ಯುಜಿನಣ್ಣ ಅಲ್ಲೇ ಹೊರಗೆ ನಿಂತು ನೋಡ್ತಾ ಇದ್ದರು ಕಾನ್ರಾಡ್. ಒಂದು ಜಿಂಕೆ ಕಡಿದದ್ದನ್ನಾದ್ರೆ ನಾನು ಹೇಗೋ ನುಂಗ್ತಿದ್ದೆ, ಇದನ್ನು ನುಂಗ್ಲಿಕ್ಕಾಗುದಿಲ್ಲ."

ಕಾನ್ರಾಡ್ ಇನ್ನೊಂದು ಷೂ ಬಿಚ್ಚಿದ. ಮರುದಿನ ಅವಳು ಹೊರಡುವ ಮೊದಲೇ ಎದ್ದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಟ್ಟಿದ್ದ.

ಜನವರಿ ೨೧, ಮಂಗಳವಾರ. ಮತರ್, ಕಾನ್‌ಸ್ಟೇಬಲ್ ಜುಮಾ, ರೆಜಿನಾ ಎಸ್ಟೇಟಿಗೆ ಬಂದಾಗ ಹತ್ತು ಗಂಟೆ. ಅಷ್ಟರಲ್ಲಿ ಮತರ್ ಮೊಬೈಲ್ ಕಂಪನಿಯಿಂದ ಒಂದು ವಿಷಯ ತರಿಸಿಕೊಂಡಿದ್ದ. ಗುರುವಾರ ಬೆಳಿಗ್ಗೆ ಯುಜಿನ್‌ನ ಫೋನಿನಿಂದ ಚಾಮರಾಜನಿಗೆ ಕರೆ ಹೋಗಿತ್ತು. ರಜೆಯಲ್ಲಿ ಅವನ ಜೊತೆ ಮಾತೇ ಆಡಿಲ್ಲವೆಂದು ಯುಜಿನ್ ಹೇಳಿಕೆಯಲ್ಲಿ ಬರೆಸಿದ್ದ.

ಯುಜಿನ್ ಗೇಟಿನಲ್ಲೇ ಎದುರಾದ. ಐವತ್ತೈದರ ಗಟ್ಟಿ ಆಸಾಮಿ, ಇಸ್ತ್ರಿ ಮಾಡಿದ ಖಾಕಿ ಅಂಗಿ. ರೆಜಿನಾಳನ್ನು ಕಂಡು ಅವನ ಮುಖ ಅರಳಿತು.

"ಅರೆ ಬಾಯೆ, ನೀನು ಇಲ್ಲಿ ಎಂತ? ಮೊನ್ನೆ ಊಟ ಸರಿ ಆಯ್ತಲ್ಲ?"

"ಆಯ್ತು ಯುಜಿನಣ್ಣ. ಕೆಲಸದ ಮೇಲೆ ಬಂದಿದ್ದೇನೆ" ಎಂದಳು.

ರೆಜಿನಾಳ ಲೆಕ್ಕ ಸರಳವಾಗಿತ್ತು. ಸತ್ತದ್ದು ೪೧ ಅಲ್ಲವಾದರೆ ೪೧ ಎಲ್ಲೋ ಬದುಕಿರಬೇಕು. ಅದೂ ಬೇರೆ ಯಾವುದೋ ಎಳೆಯ ಜಿಂಕೆಯ ನಂಬರ್ ತೊಟ್ಟುಕೊಂಡು, ಯಾಕೆಂದರೆ ಎಣಿಕೆ ತಪ್ಪಬಾರದು. ಎಳೆಯದು ಸತ್ತಿತೆಂದರೆ ಪ್ರಶ್ನೆ ಏಳುತ್ತಿತ್ತು, ಕಾಯಿಲೆಯ ಮುದಿಯದು ಸತ್ತಿತೆಂದರೆ ಇಲ್ಲ. ವ್ಯವಸ್ಥಾಪಕನನ್ನು ಕೇಳಿದಾಗ, ಎಳೆಯ ಜಿಂಕೆಗಳನ್ನು ಫೆಬ್ರವರಿಯಲ್ಲಿ ಸಂರಕ್ಷಿತ ಬಯಲಿಗೆ ಬಿಡಲಿಕ್ಕಿದೆ, ಈಗಾಗಲೇ ಬೇರೆ ದೊಡ್ಡಿಗೆ ಹಾಕಿದೆ ಎಂದ. ಅವುಗಳಲ್ಲಿ ಒಂದು ಮಾತ್ರ ಜ್ವರವೆಂದು ಪ್ರತ್ಯೇಕ ಗೂಡಿನಲ್ಲಿತ್ತು. ನಂಬರ್ ೧೧೮. ಆ ಗೂಡಿನ ಬೀಗದ ಕೈ ಯುಜಿನ್ ಒಬ್ಬನ ಹತ್ತಿರವೇ ಇತ್ತು.

"ತೆಗಿ" ಎಂದ ಮತರ್.

"ಸಾರ್, ಜ್ವರ ಬೇರೆಯವಕ್ಕೆ ಅಂಟಬಹುದು" ಎಂದ ಯುಜಿನ್. ಅವನ ಅರಬ್ಬಿ ನೀರಿನ ಹಾಗೆ ಹರಿಯುತ್ತಿತ್ತು.

"ದಕ್ತೂರಾ ಇದ್ದಾರೆ. ಯಲ್ಲಾ, ತೆಗಿ."

ಗೂಡಿನ ನೆರಳಿನಲ್ಲಿ ಒಂದು ಜಿಂಕೆ ನಿಧಾನವಾಗಿ ಮೆಲುಕು ಹಾಕುತ್ತಿತ್ತು. ಕೊಂಬು ಉದ್ದ, ಬೆನ್ನು ಬಾಗಿದೆ. ಕಿವಿಯಲ್ಲಿ ೧೧೮. ಜುಮಾ ಅದನ್ನು ಮೆತ್ತಗೆ ಹಿಡಿದುಕೊಂಡ. ರೆಜಿನಾ ಮಂಡಿಯೂರಿ ತುಟಿ ಮಡಚಿದಳು. ಮುಂದಿನ ಹಲ್ಲುಗಳಲ್ಲಿ ಮೂರು ಇಲ್ಲ, ಉಳಿದವು ಒಸಡಿನ ಮಟ್ಟಕ್ಕೆ ಸವೆದ ಮೋಟುಗಳು. ಕಿವಿಯಲ್ಲಿ ಹೊಸ ರಂಧ್ರ, ಸುತ್ತ ಇನ್ನೂ ಕೆಂಪು ಊತ.

"ಇದರ ವಯಸ್ಸೆಷ್ಟು?" ಎಂದು ಮತರ್ ಯುಜಿನ್‌ನನ್ನು ಕೇಳಿದ.

"ಒಂದೂಕಾಲು ವರ್ಷ ಸಾರ್. ೧೧೮ ಅಲ್ಲವೇ."

"ಬಾಯಿ ನೋಡಿ ಹೇಳು."

ಯುಜಿನ್ ಬಗ್ಗಲಿಲ್ಲ.

"ಫ್ರೀಜರಿನಲ್ಲಿದ್ದದ್ದಕ್ಕೆ ಹಾಲುಹಲ್ಲು" ಎಂದಳು ರೆಜಿನಾ, ಎದ್ದು ಮಂಡಿಯ ಮರಳು ಕೊಡವುತ್ತ. "ಇದಕ್ಕೆ ಹಲ್ಲೇ ಇಲ್ಲ. ನೀವು ಸತ್ತಿದೆ ಅಂತ ಬರೆಸಿದ ನಲವತ್ತೊಂದು ಇಲ್ಲಿ ಮೆಲುಕು ಹಾಕ್ತಾ ಉಂಟು ಯುಜಿನಣ್ಣ."

ಯುಜಿನ್ ಒಮ್ಮೆ ಗೇಟಿನ ಕಡೆ, ಒಮ್ಮೆ ಅವಳ ಕಡೆ ನೋಡಿದ. ಅವನ ಪಿಕಪ್ಪಿನ ಹಿಂದಿದ್ದ ಐಸ್ ಪೆಟ್ಟಿಗೆಯ ಬಿರುಕಿನಲ್ಲಿ ಒಣಗಿದ ರಕ್ತ, ನಾಲ್ಕು ಕಂದು ಕೂದಲು ಸಿಕ್ಕವು. ಟ್ಯಾಗ್ ಚುಚ್ಚುವ ಇಕ್ಕಳ ಅವನ ಕಪಾಟಿನಲ್ಲಿತ್ತು. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಮಧ್ಯಾಹ್ನ ಚಾಮರಾಜನ ಬಿಡುಗಡೆಗೆ ಮತರ್ ತಾನೇ ಪತ್ರ ಬರೆದ, ಹೊರಡುವಾಗ ಅವನ ಕೈ ಕುಲುಕಿ "ಥನಿ" ಎಂದು ನಕ್ಕ. ಏನೆಂದು ತಿಳಿಯದಿದ್ದರೂ ಚಾಮರಾಜ ತಾನೂ ನಕ್ಕು, ರೆಜಿನಾಳ ಕಡೆ ತಿರುಗಿ ಎರಡೂ ಕೈ ಮುಗಿದ. ಅವಳೂ ಕೈ ಮುಗಿದಳು.

ಠಾಣೆಯಲ್ಲಿ ಯುಜಿನ್‌ನ ಹೇಳಿಕೆ ಆಯಿತು. ಅವನು ಏನನ್ನೂ ಬಚ್ಚಿಡಲಿಲ್ಲ. ಪ್ರಶ್ನೆ ಕೇಳುತ್ತಿದ್ದವನು ಮತರ್, ರೆಜಿನಾ ತಜ್ಞಳಾಗಿ ಪಕ್ಕದಲ್ಲಿ ಕೂತಿದ್ದಳು.

"ಮುದಿಯದು ಹೇಗೂ ಸಾಯುವುದಿತ್ತು. ಅದನ್ನೇ ಯಾಕೆ ಕಡಿಯಲಿಲ್ಲ?"

"ಮುದಿ ಮಾಂಸ ಬೇಯುವುದಿಲ್ಲ ಸಾರ್. ನಾರು. ಮದುವೆ ಮನೆಗೆ ಆಗುವುದಿಲ್ಲ."

"ಮದುವೆಗೆ ಜಿಂಕೆಯೇ ಯಾಕೆ?"

ಯುಜಿನ್ ಅಪ್ಪನ ಕಥೆ ಹೇಳಿದ. ಅವನ ಅಕ್ಕನ ಮದುವೆಗೆ ಅಪ್ಪ ಘಟ್ಟದ ಬುಡದಿಂದ ಕಡವೆ ಹೊಡೆದು ತಂದಿದ್ದರಂತೆ. ನಲವತ್ತು ವರ್ಷ ಕಳೆದರೂ ಕಿನ್ನಿಗೋಳಿಯಲ್ಲಿ ಆ ಊಟದ ಮಾತು ನಿಂತಿಲ್ಲ. ಯಾರ ಮದುವೆಯಾದರೂ ಮುದುಕರು ಅದನ್ನೇ ಎತ್ತುತ್ತಾರೆ. ಅಂಥ ಅಪ್ಪನ ಮಗ ತಾನು, ಇಪ್ಪತ್ತನಾಲ್ಕು ವರ್ಷದಿಂದ ಪರರ ಜಿಂಕೆಗಳಿಗೆ ನೀರು ಕುಡಿಸುತ್ತಿದ್ದೇನೆ, ಒಬ್ಬಳೇ ಮಗಳ ರೋಸಿಗೆ ಕೋಲ್ಡ್ ಸ್ಟೋರೇಜಿನ ಕುರಿ ತರಲು ಮನಸ್ಸು ಬರಲಿಲ್ಲ.

"ಚಾಮರಾಜ ಜೈಲಿಗೆ ಹೋಗುತ್ತಿದ್ದನಲ್ಲ?"

"ಅವನು ಹೇಗೂ ಊರಿಗೆ ಹೋಗುವವನೇ ಇದ್ದ ಸಾರ್. ಸ್ವಲ್ಪ ದಿನ ಇಟ್ಟುಕೊಂಡು ಕಳಿಸಿಬಿಡುತ್ತೀರಿ ಅಂದುಕೊಂಡೆ."

ಆ ಮಾತನ್ನು ಅವನು ಎಷ್ಟು ಸಲೀಸಾಗಿ ಹೇಳಿದನೆಂದರೆ, ರೆಜಿನಾಗೆ ಮೈಯೆಲ್ಲ ಉರಿಯಿತು. ಮನೆ ಹುಡುಕಿಕೊಟ್ಟ ಯುಜಿನಣ್ಣನ ಮೇಲೆ ಉಳಿದಿದ್ದ ಸಂಕಟ ಅಲ್ಲಿಗೆ ಬತ್ತಿತು.

ಮತರ್ ಬರೆಯುವುದನ್ನು ನಿಲ್ಲಿಸಿದ. "ಆ ದಿನ ಸಭಾಂಗಣದಲ್ಲಿ ಮುನ್ನೂರು ಜನ ಇದ್ದರಂತೆ. ಅದು ಜಿಂಕೆ ಎಂದು ಎಷ್ಟು ಜನಕ್ಕೆ ಗೊತ್ತಿತ್ತು?"

"ಒಬ್ಬರಿಗೂ ಇಲ್ಲ. ಹೇಳುವ ಹಾಗಿರಲಿಲ್ಲವಲ್ಲ. ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ."

"ಮತ್ತೆ ಯಾರೂ ನೆನೆಸಿಕೊಳ್ಳುವುದಿಲ್ಲವಲ್ಲ. ಏನು ಸಿಕ್ಕಿತು ನಿನಗೆ?"

ಯುಜಿನ್‌ಗೆ ಆ ಪ್ರಶ್ನೆ ಅದುವರೆಗೆ ಬಂದೇ ಇರಲಿಲ್ಲವೆಂದು ಕಾಣುತ್ತದೆ. ಅವನ ನಿರರ್ಗಳ ಅರಬ್ಬಿ ಆ ಹೊತ್ತಿಗೆ ಕೈಕೊಟ್ಟಿತು. ರೆಜಿನಾಳ ಕಡೆ ತಿರುಗಿ ಕೊಂಕಣಿಯಲ್ಲಿ, "ನನಗೆ ಗೊತ್ತಿತ್ತಲ್ಲ ಬಾಯೆ" ಎಂದ. "ಬಡಿಸುವಾಗ ನನಗೊಬ್ಬನಿಗೆ ಗೊತ್ತಿತ್ತು."

ಏನಂದ ಎಂದು ಮತರ್ ಕೇಳಿದ. ರೆಜಿನಾ ಆ ಎರಡು ವಾಕ್ಯವನ್ನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಅರಬ್ಬಿಯಲ್ಲಿ ಹೇಳಿದಳು. ಮತರ್ ಅದನ್ನು ಬರೆದುಕೊಂಡು, ಸಹಿಗಾಗಿ ಹಾಳೆಯನ್ನು ಯುಜಿನ್‌ನ ಮುಂದೆ ಸರಿಸಿದ.